ಗುದ್ದಕ್ಕನ ಸಾಕ್ಷಿ

ನಮ್ಮತ್ತೆಗೆ ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಆಕೆ ಗುದ್ದಕ್ಕ. ಅಂಚೆಯವನೂ ಹಾಗೇ ಕೂಗುತ್ತಿದ್ದ, ಆಕೆಯೂ ಓಗೊಡುತ್ತಿದ್ದಳು.

ಆ ಹೆಸರು ಅಂಟಿಕೊಂಡದ್ದು ಸಗಟು ತರಕಾರಿ ಮಾರುಕಟ್ಟೆಯಲ್ಲಿ. ಹರೆಯದಲ್ಲಿ ಆಕೆ ಅಲ್ಲಿ ಮೂಟೆ ಹೊರುತ್ತಿದ್ದಳು. ನಮ್ಮ ಮಾವ ಕುಡುಕ, ಕೈ ಮಾಡುವವನು. ಮನೆಯೊಳಗಿನ ಏಟುಗಳನ್ನೆಲ್ಲ ಆಕೆ ಬಹಳ ಕಾಲ ನುಂಗಿಕೊಂಡಳು. ಒಂದು ದಿನ ಆತ ಮಾರುಕಟ್ಟೆಗೇ ಬಂದು ಎಲ್ಲರೆದುರು ಜುಟ್ಟು ಹಿಡಿದೆಳೆದ. ಅತ್ತೆ ಬೆನ್ನ ಮೇಲಿದ್ದ ಆಲೂಗಡ್ಡೆ ಮೂಟೆಯನ್ನು, ಒಂದು ಗೆಡ್ಡೆಯೂ ಜಜ್ಜದ ಹಾಗೆ, ಮೆಲ್ಲಗೆ ಕೆಳಗಿಟ್ಟಳು. ತೋಳು ಮಡಚಿದಳು. ಒಂದೇ ಗುದ್ದು. ಮಾವನ ದವಡೆ ಮುರಿದು ಒಂದು ಕಡೆಗೆ ಜೋತುಬಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು "ಏನಾಯ್ತು?" ಅಂದಾಗ ಮಾವ, ಮಾನ ಹೋಗುತ್ತಲ್ಲ, ಹೇಗೋ ತೊದಲಿ "ಬಿದ್ದೆ" ಅಂದನಂತೆ. ಪಕ್ಕದಲ್ಲೇ ನಿಂತಿದ್ದ ಅತ್ತೆ, "ಬೀಳಲಿಲ್ಲ ಡಾಕ್ಟ್ರೇ, ನಾನು ಗುದ್ದಿದೆ" ಅಂದಳು. ಆಮೇಲೆ ಮಾವ ಮನೆಯಲ್ಲಿ ಸಾಕಿದ ಬೆಕ್ಕಿನ ಹಾಗೆ ಇದ್ದ. ಕೊನೆಗೆ ಈಲಿ ಕೆಟ್ಟು, ಆಕೆಯ ತೊಡೆಯ ಮೇಲೇ ಸತ್ತ. ಆಕೆ ನಿಜವಾಗಿಯೂ ಅತ್ತಳು ಅಂತ ನನ್ನ ಗಂಡ ಹೇಳುತ್ತಾನೆ.

ನಾನು ಆ ಮನೆಗೆ ಸೊಸೆಯಾಗಿ ಹೊರಟಾಗ ನಮ್ಮಮ್ಮ ನಡುಗಿಹೋಗಿದ್ದಳು. ಅತ್ತೆ ನನ್ನ ಮೇಲೆ ಒಂದು ದಿನವೂ ಕೈ ಎತ್ತಲಿಲ್ಲ. ಬೈಗುಳದಲ್ಲಿ ಮಾತ್ರ ಕೊರತೆ ಮಾಡಲಿಲ್ಲ. ಹೊಡೆಯುವುದಕ್ಕೆ ಆಕೆಯದೇ ನೀತಿ ಇತ್ತು. ಬಿದ್ದವರನ್ನು ಹೊಡೆಯಬಾರದು. ಇನ್ನೊಬ್ಬರು ಹಿಡಿದುಕೊಂಡಿರುವಾಗ ಹೊಡೆಯಬಾರದು. ಹೊಡೆದ ಮೇಲೆ ಹೊಡೆದೆ ಅನ್ನಬೇಕು. "ಇದಿಷ್ಟೂ ಆಗದವರು ಕೈಯನ್ನ ಜೇಬಲ್ಲಿ ಇಟ್ಟುಕೊಂಡು ಬಾಳಬೇಕು" ಅನ್ನುತ್ತಿದ್ದಳು.

ಬೆನ್ನು ಕೈಕೊಟ್ಟ ಮೇಲೆ ಮೂಟೆ ಬಿಟ್ಟು ಕಾವಲಿನ ಕೆಲಸಕ್ಕೆ ಸೇರಿದಳು. ರೈಲು ಹಳಿಯಾಚೆ ಮುಚ್ಚಿಹೋದ ಬನಿಯನ್ ಮಿಲ್ಲೊಂದಿತ್ತು. ಗಡಿಯಾಚೆ ಯುದ್ಧ ಹೊತ್ತಿಕೊಂಡು ಜನ ಮಕ್ಕಳುಮರಿ ಕಟ್ಟಿಕೊಂಡು ಓಡಿಬಂದಾಗ, ಆಶ್ರಯ ಕೇಳಿದವರನ್ನು ಸರ್ಕಾರ ಆ ಮಿಲ್ಲಿನ ಹಳೇ ವಸತಿಯಲ್ಲಿ ಇಳಿಸಿತು. ಅವರ ಅರ್ಜಿ ತೀರ್ಮಾನವಾಗುವ ತನಕ ಹೊರಗೆ ದುಡಿಯುವಂತಿಲ್ಲ. ಊಟ, ಹಾಸಿಗೆ, ಔಷಧಿ ಸರ್ಕಾರದ ಹೊಣೆ. ಸರ್ಕಾರ ಆ ಹೊಣೆಯನ್ನು ಒಂದು ಕಂಪನಿಗೆ ಗುತ್ತಿಗೆ ಕೊಟ್ಟಿತು. ಕಂಪನಿ ಒಬ್ಬ ಮ್ಯಾನೇಜರನನ್ನು ತಂದು ಕೂರಿಸಿತು. ಒಳಗೆ ಬರುವ ಹೆಂಗಸರನ್ನು ತಪಾಸಣೆ ಮಾಡಲು ಗೇಟಿಗೊಬ್ಬ ಹೆಂಗಸು ಬೇಕಾಗಿತ್ತು. ಅತ್ತೆಗೆ ಒಂದು ನೀಲಿ ಕೋಟು, ಒಂದು ಬೆತ್ತ ಸಿಕ್ಕಿತು.

ಮೊದಮೊದಲು ಆಕೆಗೆ ಆ ಜನರ ಮೇಲೆ ಏನೂ ಪ್ರೀತಿ ಇರಲಿಲ್ಲ. "ನಮ್ಮ ಮನೆ ಸೂರು ಸೋರುತ್ತೆ, ಇವರಿಗೆ ಸರ್ಕಾರದ ಹಾಸಿಗೆ" ಅಂತ ಗೊಣಗುತ್ತಿದ್ದಳು. ಅಲ್ಲೊಬ್ಬ ಮೇಷ್ಟ್ರು ಇದ್ದರು. ಕಡ್ಡಿಯಂಥ ಮನುಷ್ಯ, ತಮ್ಮ ಊರಲ್ಲಿ ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದವರು. ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತಿದ್ದರು, ಹಾಗಾಗಿ ಪುಸ್ತಕದ ಹಾಗೇ ಮಾತಾಡುತ್ತಿದ್ದರು. ಒಂದು ಬೆಳಿಗ್ಗೆ ಬೂಷ್ಟು ಹಿಡಿದ ಬ್ರೆಡ್ಡನ್ನು ಅತ್ತೆಯ ಮುಖದ ಹತ್ತಿರ ಹಿಡಿದು, "ತಾಯಿ, ಇದನ್ನು ನೀವು ಸೇವಿಸುವಿರಾ?" ಅಂದರು. ಅಣಕಿಸುತ್ತಿದ್ದಾನೆ ಅಂದುಕೊಂಡು ಅತ್ತೆ ಕಪಾಳಕ್ಕೆ ಬಿಟ್ಟಳು. ಮೇಷ್ಟ್ರು ಕನ್ನಡಕ ಹುಡುಕುತ್ತ ನೆಲದ ಮೇಲೆ ಕೂತುಬಿಟ್ಟರು.

ಮನೆಗೆ ಬಂದು ಊಟಕ್ಕೆ ಕೂತ ಆಕೆಗೆ ತುತ್ತು ಇಳಿಯಲಿಲ್ಲ. "ಆ ಬ್ರೆಡ್ಡು ನಿಜವಾಗಲೂ ಹಳಸಿತ್ತು ಕಣೆ" ಅಂದಳು. ಮರುದಿನ ಮೇಷ್ಟ್ರ ಮುಂದೆ ಹೋಗಿ ನಿಂತು, "ನಿನ್ನೆ ಹೊಡೆದದ್ದು ತಪ್ಪು. ನೀವೂ ಒಂದು ಹೊಡೀರಿ, ಲೆಕ್ಕ ಚುಕ್ತಾ ಆಗಲಿ" ಅಂದಳಂತೆ. ಮೇಷ್ಟ್ರು ಆಕೆಯ ಕೈ ನೋಡಿ, ತಮ್ಮ ಕೈ ನೋಡಿಕೊಂಡು, "ಬೇಡ ತಾಯಿ. ಈ ಕೈಯಿಂದ ಆ ಸಾಲ ತೀರುವುದಿಲ್ಲ" ಅಂದರು. ಅಲ್ಲಿಂದಾಚೆ ಅವರಿಬ್ಬರಿಗೂ ಸ್ನೇಹ. ಗೇಟಿನ ಹತ್ತಿರ ನಿಂತು ಮೇಷ್ಟ್ರು ಪುಸ್ತಕದ ಮಾತು ಆಡುವುದು, ಅತ್ತೆ ಅದನ್ನು ಬೀದಿ ಮಾತಿಗೆ ಇಳಿಸಿಕೊಡುವುದು. ಅವರಿಗೆ ಒಳ್ಳೊಳ್ಳೆ ಬೈಗುಳಗಳನ್ನೂ ಕಲಿಸಿದಳು. ಮೇಷ್ಟ್ರ ಹೆಂಡತಿ ಬಟ್ಟೆ ಹಿಂಡುತ್ತಲೇ ನಗುತ್ತಿದ್ದಳಂತೆ.

ಚಳಿ ಬಂತು. ವಸತಿಗೆಲ್ಲ ಬಿಸಿನೀರು, ಬಿಸಿಗಾಳಿ ಕೊಡುವ ಬಾಯ್ಲರ್ ಕೆಟ್ಟಿತು. ಮ್ಯಾನೇಜರನಿಗೆ ಹೇಳಿದರೆ "ಇಲಾಖೆ ಒಪ್ಪಿಗೆ ಕೊಡಬೇಕು" ಅನ್ನುತ್ತಿದ್ದ. ಇಲಾಖೆಗೆ ಹೇಳಲು ಸಹಾಯವಾಣಿ ಅಂತ ಒಂದು ಫೋನ್ ನಂಬರು ಗೋಡೆ ಮೇಲೆ ಅಂಟಿಸಿದ್ದರು. ಒಳಗಿನವರ ಮಾತನ್ನು ಅಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಅಂತ ಅತ್ತೆಯೇ ಫೋನು ಮಾಡತೊಡಗಿದಳು. ಕೊಳಲಿನ ಒಂದು ರಾಗ ಬರುತ್ತಿತ್ತು. "ನಿಮ್ಮ ಕರೆ ನಮಗೆ ಅಮೂಲ್ಯ" ಅನ್ನುತ್ತಿತ್ತು, ಮತ್ತೆ ರಾಗ. ಮನೆಯಲ್ಲೂ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಈರುಳ್ಳಿ ಹೆಚ್ಚುತ್ತಿದ್ದಳು. ಯಾರಾದರೂ ಎತ್ತಿದರೆ "ಗಮನಕ್ಕೆ ತೆಗೆದುಕೊಂಡಿದ್ದೇವೆ" ಅನ್ನುತ್ತಿದ್ದರು. ಗಮನ ಎಲ್ಲಿತ್ತೋ, ಬಾಯ್ಲರಿನ ಕಡೆಗಂತೂ ಬರಲಿಲ್ಲ.

ಒಂದು ಹಸುಗೂಸು ಎದೆ ಕಟ್ಟಿ ಸತ್ತಿತು. ಆಂಬುಲೆನ್ಸ್ ಕರೆಯಲು ಮ್ಯಾನೇಜರ್ ಬಿಟ್ಟಿರಲಿಲ್ಲ. ಸುಮ್ಮಸುಮ್ಮನೆ ಕರೆದರೆ ಕಂಪನಿಗೆ ಕೆಟ್ಟ ಹೆಸರು ಅಂದಿದ್ದ. ತಾಯಿ ಆ ಕೂಸನ್ನು ಗೇಟಿನ ತನಕ ಎತ್ತಿಕೊಂಡು ಬಂದಾಗ ಅದಾಗಲೇ ತಣ್ಣಗಾಗಿತ್ತು. ಅತ್ತೆ ನೀಲಿ ಕೋಟು ಬಿಚ್ಚಿ ಅದನ್ನು ಸುತ್ತಿ ಕೊಟ್ಟಳು.

ಮಾರನೆಯ ಬೆಳಿಗ್ಗೆ ಒಳಗಿನವರು ತಮ್ಮ ಕಬ್ಬಿಣದ ಮಂಚಗಳನ್ನೆಲ್ಲ ಎಳೆದು ತಂದು ಅಂಗಳದಲ್ಲಿ, ಗೇಟಿಗೆ ಅಡ್ಡ, ಸಾಲಾಗಿ ಇಟ್ಟು ಕೂತರು. ಕೂಗಲಿಲ್ಲ, ಕಲ್ಲೆಸೆಯಲಿಲ್ಲ. ಮೇಷ್ಟ್ರು ಮುಂದಿನ ಮಂಚದ ಮೇಲೆ ನಿಂತು ಹೇಳಿದರು: "ಇಲಾಖೆಯಿಂದ ಒಬ್ಬರು ಬಂದು ಇದು ಯಾರ ಜವಾಬ್ದಾರಿ ಎಂದು ನಮಗೆ ತಿಳಿಸಲಿ. ನಾವು ಏಳುತ್ತೇವೆ."

ಇಲಾಖೆಯವರು ಬರಲಿಲ್ಲ. ಮಧ್ಯಾಹ್ನ ಕಂಪನಿಯ ವ್ಯಾನು ಬಂತು. ಅದರಿಂದ ಇಳಿದವರಿಗೆ ಸಮವಸ್ತ್ರ ಇರಲಿಲ್ಲ, ಕೈಯಲ್ಲಿ ನೀರಿನ ಪೈಪಿನ ತುಂಡುಗಳಿದ್ದವು. ಮ್ಯಾನೇಜರ್ ಅತ್ತೆಯನ್ನು ಕರೆದು, "ಗೇಟಿಗೆ ಬೀಗ ಹಾಕಿ ನೀನು ಹೊರಗೆ ನಿಲ್ಲು" ಅಂದ.

"ಯಾಕೆ ಸಾರ್?"

"ಹಾಕು ಅಂದ್ರೆ ಹಾಕು."

ಆಕೆ ಬೀಗ ಹಾಕಿದಳು. ಆದರೆ ಹೊರಗೆ ಹೋಗಲಿಲ್ಲ, ಒಳಗೇ ನಿಂತಳು.

ಪೈಪಿನವರು ಮಂಚಗಳ ಸಾಲಿಗೆ ನುಗ್ಗಿದರು. ಮೊದಲ ಏಟು ಒಬ್ಬ ಮುದುಕನ ಮೊಣಕಾಲಿಗೆ ಬಿತ್ತು. ಒಣ ಕಟ್ಟಿಗೆ ಮುರಿದಂಥ ಸದ್ದು ಗೇಟಿನಾಚೆಗೂ ಕೇಳಿತಂತೆ. ಹೆಂಗಸರು ಮಕ್ಕಳನ್ನು ಮಂಚದಡಿಗೆ ತಳ್ಳಿದರು. ಪೈಪಿನವರು ಮಂಚಗಳನ್ನೇ ಮಗುಚಿ ಹಾಕಿದರು. ಒಬ್ಬಳ ಕೈಬೆರಳುಗಳು ಮಂಚದ ಚೌಕಟ್ಟಿನಡಿ ಸಿಕ್ಕಿ ಚಪ್ಪಟೆಯಾದವು. ಒಬ್ಬ ಹುಡುಗಿಯನ್ನು ಕೂದಲು ಹಿಡಿದು ಮೆಟ್ಟಿಲ ಮೇಲೆ ಎಳೆದುಕೊಂಡು ಹೋದರು. ಕೆಲವು ಗಂಡಸರು ಮಂಚದ ಕಾಲು ಕಿತ್ತು ತಿರುಗಿ ಬಾರಿಸಿದರು. ಪೈಪಿನವನೊಬ್ಬನ ತಲೆ ಒಡೆಯಿತು. ಆಮೇಲಂತೂ ಯಾರು ಯಾರನ್ನು ಹೊಡೆಯುತ್ತಿದ್ದಾರೆ ಅನ್ನುವುದೇ ತಿಳಿಯದ ಹಾಗಾಯಿತು. ಅಂಗಳದ ಸಿಮೆಂಟು ರಕ್ತಕ್ಕೆ ಜಾರತೊಡಗಿತು. ಅತ್ತೆ ಬೆತ್ತ ಬೀಸುತ್ತ ಮಕ್ಕಳನ್ನು ಅಡುಗೆಮನೆಯೊಳಗೆ ತಳ್ಳುತ್ತಿದ್ದಳು. ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಓಡಿಬಂದು ಆಕೆಯ ತೋಳು ಹಿಡಿದು ಬಟ್ಟೆ ಒಗೆಯುವ ಕೋಣೆಯತ್ತ ಕೈ ತೋರಿಸಿದಳು.

ಬಾಗಿಲು ಒಳಗಿನಿಂದ ಹಾಕಿತ್ತು. ಮೂಟೆ ಹೊತ್ತ ಭುಜ ಅದು. ಮೂರನೆಯ ಸಲಕ್ಕೆ ಚಿಲಕ ಕಿತ್ತುಬಂತು. ಒಳಗೆ ಇಬ್ಬರು ಮೇಷ್ಟ್ರ ತೋಳುಗಳನ್ನು ನೆಲಕ್ಕೆ ಒತ್ತಿ ಹಿಡಿದಿದ್ದರು. ಮ್ಯಾನೇಜರ್ ಒಗೆಯುವ ತೊಟ್ಟಿಯನ್ನು ಆಧಾರಕ್ಕೆ ಹಿಡಿದುಕೊಂಡು ಬೂಟುಗಾಲಲ್ಲಿ ಅವರ ಎದೆಯನ್ನು ತುಳಿಯುತ್ತಿದ್ದ. ಪ್ರತಿ ತುಳಿತಕ್ಕೂ "ಯಾರ ಜವಾಬ್ದಾರಿ? ಯಾರ ಜವಾಬ್ದಾರಿ?" ಅನ್ನುತ್ತಿದ್ದ. ಮೇಷ್ಟ್ರ ಬಾಯಿಯಿಂದ ರಕ್ತ ಗುಳ್ಳೆಗುಳ್ಳೆಯಾಗಿ ಬರುತ್ತಿತ್ತು.

ಅತ್ತೆ ಬೆತ್ತವನ್ನು ಎರಡು ಕೈಯಲ್ಲಿ ಹಿಡಿದು ತೊಟ್ಟಿಯ ಮೇಲಿದ್ದ ಅವನ ಮಣಿಕಟ್ಟಿಗೆ ಇಳಿಸಿದಳು. ಮೂಳೆ ಮುರಿಯಿತು. ಅವನು ಕಿರುಚಿಕೊಂಡು ಕುಸಿದ. ಹಿಡಿದವರಲ್ಲಿ ಒಬ್ಬನ ಮೂಗಿಗೆ ಗುದ್ದಿದಳು. ಇನ್ನೊಬ್ಬ ಎದ್ದು ಪೈಪು ಬೀಸಿದ. ಅದು ಆಕೆಯ ಎಡಗಣ್ಣಿನಿಂದ ದವಡೆಯ ತನಕ ಸೀಳಿಕೊಂಡು ಹೋಯಿತು. ಬೀಳುವಾಗಲೂ ಆಕೆ ಮೇಷ್ಟ್ರ ಮೇಲೆ ಮಗುಚಿಕೊಂಡು ಬಿದ್ದಳು, ಇನ್ನೊಂದು ಏಟು ಅವರಿಗೆ ತಾಗದ ಹಾಗೆ. ಬೆನ್ನ ಮೇಲೆ ಎಷ್ಟು ಬಿದ್ದವೋ ಆಕೆಗೆ ನೆನಪಿಲ್ಲ. ತನ್ನ ಕೆಳಗೆ ಆ ಎದೆ ಒಂದೆರಡು ಸಲ ಎದ್ದು, ನಿಂತುಹೋದದ್ದು ಮಾತ್ರ ನೆನಪಿದೆ.

ನಾನು ಆಸ್ಪತ್ರೆಗೆ ಓಡಿಹೋದಾಗ ಆಕೆಯ ಮುಖ ಬ್ಯಾಂಡೇಜಿನ ಉಂಡೆಯಾಗಿತ್ತು. ಎಡಗಣ್ಣು ಹೋಗಿತ್ತು. ದವಡೆಗೆ ತಂತಿ ಬಿಗಿದಿದ್ದರು. ನಾನು ಹಾಸಿಗೆಯ ಪಕ್ಕ ಕೂತಿದ್ದಾಗಲೇ ಇಲಾಖೆಯ ಅಧಿಕಾರಿ ಬಂದರು. ಬಾಯ್ಲರ್ ಕೆಟ್ಟಾಗ ಬಾರದವರು ಹೂಗುಚ್ಛ ಹಿಡಿದುಕೊಂಡು ಬಂದಿದ್ದರು. ಬಾಗಿ, ಮೆಲ್ಲಗೆ ಹೇಳಿದರು: "ಅಮ್ಮಾ, ನಿಮ್ಮ ಮೇಲೆ ಹಲ್ಲೆ ಮಾಡಿದ್ದು ಆ ವಸತಿಯವರೇ ಅಂತ ನಮಗೆ ಮಾಹಿತಿ ಇದೆ. ಗಲಾಟೆಯಲ್ಲಿ ಅವರ ಮುಖಂಡ ಮೆಟ್ಟಿಲಿಂದ ಬಿದ್ದು ತೀರಿಕೊಂಡಿದ್ದಾನೆ. ನೀವು ಮಾತಾಡಬೇಡಿ. ಹೌದು ಅಂತ ತಲೆ ಆಡಿಸಿದ್ರೆ ಸಾಕು."

ಅತ್ತೆ ತಲೆ ಆಡಿಸಲಿಲ್ಲ. ಹಲ್ಲುಗಳ ಸಂದಿಯಿಂದ ಏನೋ ಅಂದಳು. ಅಧಿಕಾರಿ ನನ್ನತ್ತ ನೋಡಿ, "ಏನಂತಾರೆ?" ಅಂದರು. ವರ್ಷಗಟ್ಟಲೆ ಆಕೆಯ ಬೈಗುಳ ಕೇಳಿದ ಕಿವಿ ನನ್ನದು. ಆ ಸದ್ದಿನ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. "ಹೇಳೋಕೆ ಆಗಲ್ಲ ಸಾರ್, ನಿಮ್ಮ ತಾಯಿಯ ವಿಷಯ" ಅಂದೆ. ಅವರು ಹೂವು ಬಿಟ್ಟು ಹೋದರು.

ಆಕೆ ತಲೆ ಆಡಿಸದಿದ್ದರೂ ಸುದ್ದಿ ಊರೆಲ್ಲ ಹಬ್ಬಿತ್ತು. ನಮ್ಮೂರ ಗುದ್ದಕ್ಕನನ್ನು ಪರದೇಶಿಗಳು ಹೊಡೆದು ಕಣ್ಣು ಕಿತ್ತರು ಅಂತ ಫೋನಿಂದ ಫೋನಿಗೆ ಹಾರಿತ್ತು, ಬ್ಯಾಂಡೇಜು ಸುತ್ತಿದ ಆಕೆಯ ಮುಖದ ಫೋಟೋ ಸಮೇತ. ಆ ಫೋಟೋ ಯಾರು ತೆಗೆದರೋ, ಹೂವು ತಂದವರ ಜೊತೆ ಬಂದಿದ್ದವನೇ ಇರಬೇಕು. ಮರುದಿನ ಸಂಜೆಯ ಹೊತ್ತಿಗೆ ಮಾರುಕಟ್ಟೆಯಲ್ಲಿ ಜನ ಸೇರಿದರು. ಪಕ್ಕದ ಮನೆಯವಳು ನನಗೆ ಫೋನು ಮಾಡಿ, "ನಿನ್ನ ಗಂಡನೂ ಅವರ ಜೊತೆ ಹೋಗಿದ್ದಾನೆ ಕಣೆ, ಕೈಯಲ್ಲಿ ಸಲಾಕೆ ಇತ್ತು. ವಸತಿಗೆ ಬೆಂಕಿ ಹಾಕ್ತಾರಂತೆ" ಅಂದಳು.

ನಾನು ಪಿಸುಗುಟ್ಟಿದ್ದರೂ ಅತ್ತೆಗೆ ಕೇಳಿಸಿತು. ಕೈಗೆ ಚುಚ್ಚಿದ್ದ ಸೂಜಿಯನ್ನು ಎಳೆದು ಬಿಸಾಕಿ ಎದ್ದು ನಿಂತಳು. "ಅತ್ತೇ, ಸತ್ತೇ ಹೋಗ್ತೀರಿ" ಅಂದೆ. ನನ್ನ ಭುಜ ಹಿಡಿದು ನೂಕಿದಳು, ನಡೆ ಅನ್ನುವ ಹಾಗೆ. ಆಸ್ಪತ್ರೆಯ ಬಟ್ಟೆಯಲ್ಲೇ ಆಟೋ ಹತ್ತಿದೆವು. ಡ್ರೈವರು ಕನ್ನಡಿಯಲ್ಲಿ ಆಕೆಯ ಮುಖ ನೋಡಿ ಬಾಡಿಗೆಯ ಮಾತೇ ಎತ್ತಲಿಲ್ಲ.

ನಾವು ಮುಟ್ಟುವ ಹೊತ್ತಿಗೆ ಗೇಟಿನ ಮುಂದೆ ರಸ್ತೆ ತುಂಬ ಜನ. ಆಕೆಯ ಫೋಟೋವನ್ನು ರಟ್ಟಿಗೆ ಅಂಟಿಸಿ ಕೋಲಿಗೆ ಕಟ್ಟಿ ಎತ್ತಿ ಹಿಡಿದಿದ್ದರು. ಕಲ್ಲುಗಳು ಹಾರುತ್ತಿದ್ದವು, ಒಳಗಿನಿಂದ ಮಕ್ಕಳ ಚೀರಾಟ ಕೇಳುತ್ತಿತ್ತು. ಪೊಲೀಸರ ಒಂದು ಜೀಪು ದೂರದಲ್ಲಿ ನಿಂತಿತ್ತು, ಅದರೊಳಗಿದ್ದವರು ಇಳಿದಿರಲಿಲ್ಲ. ಗೇಟು ಹತ್ತಿ ಒಳಗೆ ಹಾರಲು ಒಂದು ಕಾಲು ಆಚೆ ಹಾಕಿದ್ದವನು ನನ್ನ ಗಂಡ.

ಅತ್ತೆ ಜನರನ್ನು ಸೀಳಿಕೊಂಡು ಹೋದಳು. ಆಕೆಯನ್ನು ನೋಡಿದವರು ದಾರಿ ಬಿಟ್ಟರು, ಜೈಕಾರ ಹಾಕಿದರು. ಆಕೆ ಮಗನ ಕಾಲು ಹಿಡಿದು ಕೆಳಕ್ಕೆಳೆದಳು. ಅವನು ಬೆನ್ನಡಿಯಾಗಿ ಬಿದ್ದು, ಎದ್ದು, "ಅಮ್ಮಾ!" ಅಂದ. ಅಷ್ಟೇ ಅಂದದ್ದು. ಆಕೆ ಅವನ ಹೊಟ್ಟೆಗೆ ಗುದ್ದಿದಳು. ಅವನು ಮಡಚಿಕೊಂಡು ಕೂತ. ಸಲಾಕೆ ಕಿತ್ತುಕೊಂಡು ಗೇಟಿಗೆ ಬೆನ್ನು ಕೊಟ್ಟು ನಿಂತಳು.

ಜೈಕಾರ ನಿಂತುಹೋಯಿತು. ಆಕೆ ಹಲ್ಲು ಕಚ್ಚಿಕೊಂಡೇ ಏನೇನೋ ಅಂದಳು. ತುಟಿಯ ಹೊಲಿಗೆ ಬಿಚ್ಚಿ ರಕ್ತ ಗಲ್ಲದ ಮೇಲೆ ಇಳಿಯಿತು. ಯಾರಿಗೂ ಅರ್ಥವಾಗಲಿಲ್ಲ. ನಾನು ಆಕೆಯ ಪಕ್ಕಕ್ಕೆ ಹೋಗಿ ನಿಂತು ಕೂಗಿದೆ: "ಒಳಗಿನವರು ಹೊಡೆದಿಲ್ಲ ಅಂತಿದ್ದಾರೆ! ಹೊಡೆದದ್ದು ಮ್ಯಾನೇಜರು, ಅವನ ಜನ! ಮೇಷ್ಟ್ರನ್ನ ತುಳಿದು ಕೊಂದ್ರು ಅಂತಿದ್ದಾರೆ! ನನ್ನ ಹೆಸರಲ್ಲಿ ಒಂದು ಕಲ್ಲು ಎಸೆದ್ರೂ ಅವನ ಕೈ ಮುರೀತೀನಿ ಅಂತಿದ್ದಾರೆ!"

ಕೊನೆಯದನ್ನು ಆಕೆ ಅಂದಿದ್ದಳೋ ಇಲ್ಲವೋ, ಅನ್ನಬೇಕಾದದ್ದೇ.

ಮಾರುಕಟ್ಟೆಯವರು ಹಿಂದೆ ಸರಿದರು. ಆದರೆ ಗುಂಪಲ್ಲಿ ಬರೀ ಮಾರುಕಟ್ಟೆಯವರೇ ಇರಲಿಲ್ಲ. ಹಿಂದಿನಿಂದ ಯಾರೋ "ಮುದುಕಿ ಮಾರಿಕೊಂಡಿದ್ದಾಳೆ" ಅಂದ. ಪೆಟ್ರೋಲು ತುಂಬಿದ ಬಾಟಲಿಯೊಂದು ನಮ್ಮ ತಲೆಯ ಮೇಲೆ ಹಾದು ಕಾವಲು ಕೋಣೆಗೆ ಬಡಿಯಿತು. ಧಗ್ಗೆಂದು ಹೊತ್ತಿಕೊಂಡಿತು. ನನ್ನ ಬೆನ್ನಿಗೆ ಬಿಸಿ ರಾಚಿತು, ಸೆರಗೋ ಕೂದಲೋ ಸುಟ್ಟ ವಾಸನೆ ಬಂತು. ಆಗ ನನ್ನ ಗಂಡ ಎದ್ದ. ಬಾಟಲಿ ಎಸೆದವನ ಕಡೆ ಓಡಿ ಅವನನ್ನು ನೆಲಕ್ಕೆ ಕೆಡವಿದ. ತರಕಾರಿ ಮಾರುಕಟ್ಟೆಯ ಹಮಾಲರು, ಬೆಂಕಿ ಹಾಕಲು ಬಂದವರೇ, ತಮ್ಮ ಪಕ್ಕದಲ್ಲಿದ್ದವರ ಮೇಲೆ ತಿರುಗಿದರು. ರಸ್ತೆ ತುಂಬ ಮುಷ್ಟಿ, ಕಲ್ಲು, ಒದೆತ. ಪೊಲೀಸರು ಆಗ ಇಳಿದರು. ಎಲ್ಲರಿಗೂ ಸಮನಾಗಿ ಬಾರಿಸಿದರು. ಒಳಗಿನವರು ಬಕೆಟ್ಟಿನಲ್ಲಿ ನೀರು ತಂದು ಬೆಂಕಿ ಆರಿಸಿದರು. ಗೇಟಿನ ಸರಳುಗಳ ಸಂದಿಯಿಂದ ಕೈ ಚಾಚಿ, ಕುಸಿದು ಕೂತಿದ್ದ ಅತ್ತೆಯ ತಲೆ ನೆಲಕ್ಕೆ ಬಡಿಯದ ಹಾಗೆ ಹಿಡಿದುಕೊಂಡದ್ದು ಮೇಷ್ಟ್ರ ಹೆಂಡತಿ.

ಇಷ್ಟಾದ ಮೇಲೆ ಸರ್ಕಾರಕ್ಕೆ ವಿಚಾರಣೆ ನೇಮಿಸದೆ ವಿಧಿಯಿರಲಿಲ್ಲ. ನಿವೃತ್ತ ನ್ಯಾಯಾಧೀಶೆಯೊಬ್ಬರನ್ನು ಕೂರಿಸಿ, ಪುರಭವನದಲ್ಲಿ ಸಾರ್ವಜನಿಕವಾಗಿ ನಡೆಸುತ್ತೇವೆ ಅಂದರು. ಅಷ್ಟರಲ್ಲಿ ಅತ್ತೆಯ ದವಡೆಯ ತಂತಿ ಬಿಚ್ಚಿದ್ದರು. ಆಕೆ ಸಾಕ್ಷಿ ಹೇಳುವ ಹಿಂದಿನ ದಿನ, ಹಾಡಹಗಲು, ಇಬ್ಬರು ನಮ್ಮ ಮನೆಗೆ ಬಂದರು. ಬಾಗಿಲು ತೆರೆದ ನನ್ನ ಗಂಡನನ್ನು ಹೊಸ್ತಿಲ ಮೇಲೆ ಕೆಡವಿ, ಅವನ ಬಲಗೈಯನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಹಾಕಿದರು. "ನಾಳೆ ಮುದುಕಿ ಮನೇಲಿರ್ತಾಳೆ, ಗೊತ್ತಾಯ್ತಾ?" ಅಂದರು. ಅತ್ತೆ ಒಳಗೆ ಮಲಗಿದ್ದಳು. ನಾನು ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದೆ. ನನಗೆ ಗೊತ್ತಿದ್ದದ್ದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇದೆ ಅನ್ನುವುದೊಂದೇ. ಬಗ್ಗಿದ್ದವನ ಕೆನ್ನೆಗೆ ಅದನ್ನು ಒತ್ತಿದೆ. ಚರ್ಮ ಅಂಟಿಕೊಂಡು ಬಂತು. ಅವನ ಕೂಗಿಗೆ ಬೀದಿಯೇ ಹೊರಗೆ ಬಂತು, ಇಬ್ಬರೂ ಓಡಿದರು. ನಾನು ಮೂಲೆಯಲ್ಲಿ ವಾಂತಿ ಮಾಡಿಕೊಂಡೆ. ಅತ್ತೆ ಹಿಂದಿನಿಂದ ಬಂದು ನನ್ನ ಹಣೆ ಹಿಡಿದುಕೊಂಡಳು. ಆವತ್ತು ಬೈಯಲಿಲ್ಲ.

ಮಾರನೆಯ ದಿನ ಪುರಭವನ ಕಿಕ್ಕಿರಿದಿತ್ತು. ಕಂಪನಿಯ ವಕೀಲ ಮೊದಲು ಎದ್ದ. "ನೀವು ಹಿಂದೆ ಗಂಡನ ದವಡೆ ಮುರಿದವರಲ್ಲವೇ?"

"ಹೌದು."

"ಇದೇ ಮೃತ ವ್ಯಕ್ತಿಯ ಕೆನ್ನೆಗೆ ಹೊಡೆದಿದ್ದಿರಲ್ಲವೇ?"

"ಹೊಡೆದಿದ್ದೆ. ತಪ್ಪಾಯ್ತು ಅಂತ ಅವರಿಗೇ ಹೇಳಿದ್ದೆ."

"ಮ್ಯಾನೇಜರರ ಮಣಿಕಟ್ಟನ್ನು?"

"ನಾನೇ ಮುರಿದೆ. ಇನ್ನೊಂದೂ ಮುರಿಯೋದಿತ್ತು, ಅಷ್ಟರಲ್ಲಿ ಪೈಪು ಬಿತ್ತು."

ಜನ ನಕ್ಕರು. ವಕೀಲ ನ್ಯಾಯಾಧೀಶೆಯತ್ತ ತಿರುಗಿ, "ಇವರ ಸ್ವಭಾವವೇ ಹೊಡೆದಾಟದ್ದು ಅನ್ನುವುದು ಸ್ಪಷ್ಟ. ಅಂದು ಉದ್ವಿಗ್ನ ಪರಿಸ್ಥಿತಿಯಲ್ಲಿ ಒಂದು ದುರದೃಷ್ಟಕರ ಘಟನೆ ನಡೆಯಿತು" ಅಂದ.

"ಘಟನೆ ನಡೆಯಿತಾ?" ಅತ್ತೆ ಕುರ್ಚಿಯಿಂದ ಎದ್ದಳು. "ಅದಕ್ಕೇನು ಕಾಲಿದೆಯಾ ಸ್ವಾಮಿ ನಡೆಯೋಕೆ? ನಡೆದದ್ದು ನಿಮ್ಮ ಮ್ಯಾನೇಜರು. ಬೂಟು ಹಾಕ್ಕೊಂಡು, ಆ ಮನುಷ್ಯನ ಎದೆ ಮೇಲೆ. ಇಬ್ಬರು ಹಿಡ್ಕೊಂಡಿದ್ರು, ಇವನು ತುಳಿದ. ನನಗೊಂದು ಕಣ್ಣು ಹೋಯ್ತು, ಆದರೆ ಅದನ್ನ ನೋಡುವಾಗ ಎರಡೂ ಇದ್ವು."

ಮೇಷ್ಟ್ರ ಹೆಂಡತಿ ಮುಂದಿನ ಸಾಲಿನಲ್ಲಿ ಮುಖ ಮುಚ್ಚಿಕೊಂಡಳು.

ಆಮೇಲೆ ಆ ಹೂಗುಚ್ಛದ ಅಧಿಕಾರಿಯ ಸರದಿ. ಬಾಯ್ಲರ್ ವಿಷಯ, ಕೂಸಿನ ವಿಷಯ ಇಲಾಖೆಗೆ ತಿಳಿದೇ ಇರಲಿಲ್ಲ, ಯಾವ ದೂರೂ ಬಂದಿರಲಿಲ್ಲ, ಬಂದಿದ್ದರೆ ತಕ್ಷಣ ಕ್ರಮ ಕೈಗೊಳ್ಳುತ್ತಿದ್ದೆವು ಅಂದರು. ನ್ಯಾಯಾಧೀಶೆ ಅತ್ತೆಯನ್ನು ಕೇಳಿದರು: "ನೀವು ಸಹಾಯವಾಣಿಗೆ ಕರೆ ಮಾಡಿದ್ದು ನಿಜವೇ?"

ಅತ್ತೆ ಕೊಳಲಿನ ಆ ರಾಗವನ್ನು ಗುನುಗಿದಳು. ಶ್ರುತಿ ಇಲ್ಲ, ತಾಳ ಇಲ್ಲ, ಮುರಿದ ದವಡೆಯ ಗುನುಗು. ಹಿಂದಿನ ಸಾಲಿನಲ್ಲಿ ಯಾರೋ ಮುಂದಿನ ಚರಣ ಎತ್ತಿಕೊಂಡರು. ಆಮೇಲೆ ಇನ್ನೊಬ್ಬರು. ವೃದ್ಧಾಪ್ಯ ವೇತನಕ್ಕೆ ಕಾದವರು, ನಲ್ಲಿ ನೀರಿಗೆ ಕಾದವರು, ಆಸ್ಪತ್ರೆಯ ಸರದಿಗೆ ಕಾದವರು, ಊರಲ್ಲಿ ಆ ರಾಗ ಕೇಳದವರು ಯಾರಿದ್ದರು? ಇಡೀ ಪುರಭವನ ಗುನುಗಿತು. ಕೊನೆಗೆ ಎಲ್ಲರೂ ಒಟ್ಟಿಗೆ "ನಿಮ್ಮ ಕರೆ ನಮಗೆ ಅಮೂಲ್ಯ" ಅಂದು ಗೊಳ್ಳೆಂದರು. ಕರೆಗಳ ದಾಖಲೆ ಒಪ್ಪಿಸುವಂತೆ ನ್ಯಾಯಾಧೀಶೆ ಇಲಾಖೆಗೆ ಆಜ್ಞೆ ಮಾಡಿದರು. ಅಧಿಕಾರಿ ನೀರು ಕುಡಿದರು.

ನನ್ನನ್ನೂ ಕರೆದರು. ಹಿಂದಿನ ದಿನದ್ದನ್ನೆಲ್ಲ ಹೇಳಿ, "ಕೆನ್ನೆ ಸುಟ್ಟದ್ದು ನಾನೇ" ಅಂದೆ. ಅತ್ತೆಯ ಒಂಟಿ ಕಣ್ಣು ನನ್ನ ಮೇಲೇ ಇತ್ತು. ಆ ಸುಟ್ಟ ಕೆನ್ನೆಯ ಗುರುತಿನಿಂದಲೇ ಪೊಲೀಸರು ಅವನನ್ನು ಹಿಡಿದರು, ಅವನಿಂದ ಉಳಿದವರನ್ನು.

ಮ್ಯಾನೇಜರನಿಗೂ ಮೇಷ್ಟ್ರನ್ನು ಹಿಡಿದಿದ್ದ ಇಬ್ಬರಿಗೂ ಜೈಲಾಯಿತು. ಅಂಗಳದಲ್ಲಿ ಹೊಡೆದವರಲ್ಲಿ ಬಹಳಷ್ಟು ಜನ ಸಿಗಲೇ ಇಲ್ಲ. ಇಲಾಖೆಗೆ ಎಲ್ಲವೂ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿತ್ತು ಅಂತ ನ್ಯಾಯಾಧೀಶೆ ಬರೆದರು. ಅಧಿಕಾರಿಗೆ ವರ್ಗವಾಯಿತು, ಬಡ್ತಿಯ ಜೊತೆಗೆ. ಕಂಪನಿ ಬೋರ್ಡು ಬದಲಿಸಿಕೊಂಡು ಬೇರೆ ಊರಲ್ಲಿ ಶಾಲೆ ಮಕ್ಕಳಿಗೆ ಊಟ ಸರಬರಾಜು ಮಾಡುತ್ತಿದೆಯಂತೆ. ಮಂತ್ರಿಗಳು ಟಿವಿಯಲ್ಲಿ "ವಿಷಾದ" ಅಂದರು. ಅದನ್ನು ನೋಡುತ್ತ ನಮ್ಮ ಮನೆಯಲ್ಲಿ ಕೂತಿದ್ದ ಮೇಷ್ಟ್ರ ಹೆಂಡತಿ, "ವಿಷಾದ ಅಂದ್ರೇನು?" ಅಂತ ಕೇಳಿದಳು. "ಹೊಡೆದೆ ಅನ್ನೋಕೆ ನಾಚಿಕೆ ಆದವರು ಆಡೋ ಮಾತು" ಅಂದಳು ಅತ್ತೆ.

ಆದರೂ ಏನೂ ಆಗಲಿಲ್ಲ ಅನ್ನಲಾರೆ. ಈಗ ವಸತಿಯನ್ನು ನಗರಸಭೆಯೇ ನಡೆಸುತ್ತದೆ. ಬಾಯ್ಲರ್ ಉರಿಯುತ್ತದೆ. ಗೇಟಿಗೆ ಬೀಗ ಇಲ್ಲ. ಹೊರಗಿನ ತಪಾಸಣೆಯವರು ಆಗಾಗ ಹೇಳದೆ ಕೇಳದೆ ಬಂದು ಊಟ, ಹಾಸಿಗೆ ನೋಡಿ ಹೋಗುತ್ತಾರೆ. ಅತ್ತೆಗೆ ಕೆಲಸ ಹೋಯಿತು. ಒಂಟಿ ಕಣ್ಣಿನವರನ್ನು ಕಾವಲಿಗೆ ಇಡುವುದಿಲ್ಲವಂತೆ. ನನ್ನ ಗಂಡನ ಎರಡು ಬೆರಳು ಇಂದಿಗೂ ಮಡಚುವುದಿಲ್ಲ. ತಾಯಿಯ ಆ ಗುದ್ದಿನ ಬಗ್ಗೆ ಅವನು ಯಾರ ಹತ್ತಿರವೂ ಮಾತಾಡುವುದಿಲ್ಲ, ಆದರೆ ಆಕೆಯ ತಟ್ಟೆಯನ್ನು ಈಗ ಅವನೇ ತೊಳೆಯುತ್ತಾನೆ.

ಮೇಷ್ಟ್ರ ಹೆಂಡತಿಗೆ ಇಲ್ಲೇ ಇರಲು ಅನುಮತಿ ಸಿಕ್ಕಿತು. ಬೇಕರಿಯೊಂದರಲ್ಲಿ ಕೆಲಸ ಹಿಡಿದಳು. ವಸತಿ ಬಿಟ್ಟು ಬಾಡಿಗೆ ಕೋಣೆಗೆ ಹೋಗುವ ದಿನ, ಸಾಮಾನು ಎತ್ತಿಕೊಡಲು ಬನ್ನಿ ಅಂತ ನಮ್ಮನ್ನು ಕರೆದಿದ್ದಳು. ಸಾಮಾನು ಅಂತ ಇದ್ದದ್ದು ಒಂದು ಚೀಲ. ಅದನ್ನು ನನ್ನ ಕೈಗೆ ಕೊಟ್ಟು, ಅತ್ತೆಗೆ, "ಒಂದು ಸಲ ಆ ಕೋಣೆ ನೋಡಬೇಕು. ಒಬ್ಬಳೇ ಆಗಲ್ಲ" ಅಂದಳು.

ಒಗೆಯುವ ಕೋಣೆಗೆ ಸುಣ್ಣ ಬಳಿದಿದ್ದರು. ಬಾಗಿಲು ಹೊಸದು. ಒಳಗೆ ಯಾರೋ ಹೆಂಗಸರು ಬಟ್ಟೆ ಒಗೆಯುತ್ತ ಹರಟೆ ಹೊಡೆಯುತ್ತಿದ್ದರು. ಹೊಸ್ತಿಲ ಹತ್ತಿರ ಬಂದ ಅತ್ತೆ ನಿಂತುಬಿಟ್ಟಳು. ಗೋಡೆ ಹಿಡಿದುಕೊಂಡು, "ನೀನು ಹೋಗಿ ಬಾರಮ್ಮ. ನನಗೆ ಆಗಲ್ಲ" ಅಂದಳು. ಅಂಥ ಮಾತು ಆಕೆಯ ಬಾಯಿಂದ ನಾನು ಅದುವರೆಗೂ ಕೇಳಿರಲಿಲ್ಲ.

ಮೇಷ್ಟ್ರ ಹೆಂಡತಿ ವಾಪಸು ಬಂದು ಆಕೆಯ ಕೈ ಹಿಡಿದಳು. ಎಳೆಯಲಿಲ್ಲ. ಸ್ವಲ್ಪ ಹೊತ್ತಿಗೆ ಇಬ್ಬರೂ ಒಳಗೆ ಹೋದರು. ಒಗೆಯುತ್ತಿದ್ದ ಹೆಂಗಸರಿಗೆ ಏನೂ ಗೊತ್ತಿಲ್ಲ. ತೊಟ್ಟಿ ಬೇಕೇನೋ ಅಂದುಕೊಂಡು ಸರಿದು ಜಾಗ ಬಿಟ್ಟುಕೊಟ್ಟರು. ನಾನು ಚೀಲ ಹಿಡಿದುಕೊಂಡು ಹೊರಗೆ ಕಾದೆ.